ಸ್ತನ ಕ್ಯಾನ್ಸರ್ ಚಿಕಿತ್ಸೆಯ ದಿನಗಳಲ್ಲಿ ಫೋನನ್ನು ಬಳಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕಿತ್ಸೆಯಲ್ಲಿರುವ ಹೆಂಗಸರು ಮತ್ತು ಅವರ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಇಲ್ಲಿರುವ ಅಂಕಿಗಳಿಗೂ ನಿಮ್ಮ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಅಂಕಿಗಳಿಗೂ ವ್ಯತ್ಯಾಸ ಕಂಡರೆ ಆಸ್ಪತ್ರೆಯದನ್ನೇ ಹಿಡಿಯಿರಿ.

## ಶುರು ಮಾಡುವ ಮುಂಚೆ

ಡಾಕ್ಟರು, ನರ್ಸು ಎಲ್ಲ ಇದ್ದಾರಲ್ಲ, ಇನ್ನು ಆ್ಯಪ್ ಯಾಕೆ?

ಅವರಿರುವುದು ಆಸ್ಪತ್ರೆಯಲ್ಲಿ, ಅಡ್ಡಪರಿಣಾಮ ಕಾಣಿಸಿಕೊಳ್ಳುವುದು ಮನೆಯಲ್ಲಿ. 21 ದಿನಕ್ಕೊಮ್ಮೆ ಕೀಮೋ ಎಂದರೆ ನಡುವಿನ 20 ದಿನ ನಿಮ್ಮ ಪಾಲಿಗೆ. ಮುಂದಿನ ಸಲ ಹೋದಾಗ "ಹೇಗಿದ್ದೀರಿ" ಎಂದು ಕೇಳುತ್ತಾರೆ, ನೀವು "ಪರವಾಗಿಲ್ಲ" ಅನ್ನುತ್ತೀರಿ. ಅದು ಸುಳ್ಳೂ ಅಲ್ಲ, ಅಷ್ಟು ಹೊತ್ತಿಗೆ ಪರವಾಗಿಲ್ಲ ಅನ್ನುವ ಸ್ಥಿತಿಗೇ ಬಂದಿರುತ್ತೀರಿ. ನಾಲ್ಕನೇ ದಿನದ ವಾಂತಿಯಾಗಲಿ ಹತ್ತನೇ ದಿನದ ಬಾಯಿಹುಣ್ಣಾಗಲಿ ಮಾತಿಗೆ ಬರುವುದೇ ಇಲ್ಲ.

ಇದಕ್ಕೆ ಗಟ್ಟಿ ಆಧಾರವೂ ಇದೆ. ಅಮೆರಿಕದ ಕ್ಯಾನ್ಸರ್ ತಜ್ಞ ಡಾ. ಈಥನ್ ಬಾಶ್ ಮತ್ತು ಸಂಗಡಿಗರು 766 ರೋಗಿಗಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಹರಡಿದ ಕ್ಯಾನ್ಸರ್ ಇತ್ತು, ಅವರಲ್ಲಿ ಸ್ತನ ಕ್ಯಾನ್ಸರಿನವರೂ ಇದ್ದರು. ಒಂದು ಗುಂಪು 12 ಲಕ್ಷಣಗಳ ಬಗ್ಗೆ ಕಂಪ್ಯೂಟರಿನಲ್ಲಿ ಉತ್ತರ ತುಂಬುತ್ತಿತ್ತು, ಯಾವುದಾದರೂ ಲಕ್ಷಣ ಕೆಟ್ಟರೆ ನರ್ಸಿಗೆ ಸಂದೇಶ ಹೋಗುತ್ತಿತ್ತು. ಆ ಗುಂಪಿನವರ ಬದುಕುಳಿದ ಅವಧಿಯ ಮಧ್ಯಮಾಂಕ (ಅರ್ಧ ಮಂದಿ ಇದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದರ್ಥ) 31.2 ತಿಂಗಳು, ಮಾಮೂಲಿ ಆರೈಕೆಯಲ್ಲಿದ್ದವರದು 26 ತಿಂಗಳು.

ಹಾಗಾದ್ರೆ ಆ್ಯಪ್ ಹಾಕ್ಕೊಂಡು ದಿನಾ ತುಂಬಿದ್ರೆ ಸಾಕಾ?

ಸಾಲದು. ಆ ಅಧ್ಯಯನದಲ್ಲಿ ನರ್ಸಿಗೆ ಸಂದೇಶ ಹೋಗುತ್ತಿತ್ತು ಎಂಬುದೇ ಮುಖ್ಯ ಸಂಗತಿ. ನೀವು ಬರೆದದ್ದನ್ನು ಯಾರೂ ಓದದಿದ್ದರೆ ಅದು ಬರೀ ಡೈರಿ. ಆದ್ದರಿಂದ ಮೊದಲ ದಿನವೇ ಆಸ್ಪತ್ರೆಯವರನ್ನು ಮೂರು ಮಾತು ಕೇಳಿ: ನಾನು ಬರೆದದ್ದನ್ನು ಯಾರು ನೋಡುತ್ತಾರೆ? ಎಷ್ಟು ಗಂಟೆಯೊಳಗೆ ನೋಡುತ್ತಾರೆ? ರಾತ್ರಿ, ರಜೆಯ ದಿನ ಏನು ಗತಿ? "ಯಾರೂ ನೋಡುವುದಿಲ್ಲ, ಬರುವಾಗ ತನ್ನಿ" ಎಂದರೆ ಅದೂ ಉತ್ತರವೇ. ಆಗ ಆ್ಯಪ್ ನಿಮ್ಮ ನೆನಪಿಗೆ ಮಾತ್ರ, ತುರ್ತಿಗೆ ಫೋನ್ ಕರೆಯೇ ಗತಿ. ಕೆಂಪು ಬಣ್ಣದ ಎಚ್ಚರಿಕೆ ತೋರಿಸಿದ್ದನ್ನು ಕಂಡು "ಆಸ್ಪತ್ರೆಗೆ ಗೊತ್ತಾಗಿರುತ್ತೆ" ಎಂದು ಕಾದು ಕೂರುವುದು ಈ ಇಡೀ ವ್ಯವಹಾರದಲ್ಲಿ ಆಗಬಹುದಾದ ಅತ್ಯಂತ ಕೆಟ್ಟ ತಪ್ಪು.

ಯಾವ ಆ್ಯಪ್ ಒಳ್ಳೇದು? ಹೆಸರು ಹೇಳಿಬಿಡಿ

ಆಸ್ಪತ್ರೆಯದೇ ಒಂದಿದ್ದರೆ, ನೋಡಲು ಸೊಗಸಾಗಿಲ್ಲದಿದ್ದರೂ ಅದೇ ಮೊದಲ ಆಯ್ಕೆ. ಓದುವವರು ಅಲ್ಲಿದ್ದಾರೆ. ಇಲ್ಲವಾದರೆ ಯಾವುದನ್ನೇ ಆಗಲಿ ಹತ್ತು ನಿಮಿಷ ಪರೀಕ್ಷಿಸಿ. ನಿಮ್ಮ ಭಾಷೆಯಲ್ಲಿ ಓದಲು ಬರುತ್ತದೆಯೇ, ಒಂದು ದಿನದ ನಮೂದು ಎರಡು ನಿಮಿಷದಲ್ಲಿ ಮುಗಿಯುತ್ತದೆಯೇ, ಇಂಟರ್ನೆಟ್ ಇಲ್ಲದಾಗಲೂ ಬರೆಯಬಹುದೇ, ಬರೆದದ್ದನ್ನೆಲ್ಲ ಪಿಡಿಎಫ್ ಆಗಿ ಹೊರತೆಗೆಯಬಹುದೇ ಎಂದು ನೋಡಿ. ಕೊನೆಯದು ಆಗದಿದ್ದರೆ ಬೇಡ. ಆ್ಯಪ್ ಒಂದು ದಿನ ನಿಂತುಹೋದರೆ ನಿಮ್ಮ ಆರು ತಿಂಗಳ ದಾಖಲೆಯೂ ಅದರ ಜೊತೆಗೇ ಹೋಗುತ್ತದೆ. ಯಾವುದೋ ಪುಡಿಯನ್ನೋ ಪೂರಕ ಮಾತ್ರೆಯನ್ನೋ ಮಾರಲು ನೋಡುವ ಆ್ಯಪನ್ನು ಅಲ್ಲೇ ಅಳಿಸಿಹಾಕಿ.

ನಂಗೆ ಫೋನು ಅಷ್ಟಾಗಿ ಬರಲ್ಲ. ಪುಸ್ತಕದಲ್ಲಿ ಬರೆದ್ರೆ ಆಗಲ್ವಾ?

ಖಂಡಿತ ಆಗುತ್ತದೆ. ಆದರೆ ಪುಸ್ತಕಕ್ಕೊಂದು ರೋಗವಿದೆ. ವಾರದ್ದನ್ನೆಲ್ಲ ಆಸ್ಪತ್ರೆಗೆ ಹೊರಡುವ ಬೆಳಗ್ಗೆ ಒಟ್ಟಿಗೆ ತುಂಬುತ್ತೇವೆ. 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ದೀರ್ಘಕಾಲದ ನೋವಿದ್ದವರಿಗೆ ಕೊಟ್ಟ ಡೈರಿಯಲ್ಲಿ ಗುಟ್ಟಾಗಿ ಬೆಳಕಿನ ಸಂವೇದಕ ಇಟ್ಟಿದ್ದರು. ಪುಟಗಳ ಪ್ರಕಾರ ಶೇ. 90ರಷ್ಟು ನಮೂದು ಹೊತ್ತಿಗೆ ಸರಿಯಾಗಿ ಆಗಿತ್ತು, ನಿಜವಾಗಿ ಆಗಿದ್ದು ಶೇ. 11. ಪುಸ್ತಕವನ್ನು ಥರ್ಮಾಮೀಟರಿನ ಪಕ್ಕದಲ್ಲೇ ಇಡಿ, ಫೋನಿನಲ್ಲಿ ಒಂದು ಅಲಾರಂ ಮಾತ್ರ ಇಡಿ. ಕೈ ಜೋಮು ಹಿಡಿದು ಬರೆಯಲಾಗದಿದ್ದರೆ ಧ್ವನಿಮುದ್ರಣ ಸಾಕು: ತಾರೀಖು, ಗಂಟೆ ಹೇಳಿ, ಆಮೇಲೆ ವಿಷಯ.

ನನ್ನ ಮೊಬೈಲು ಮನೆಯವರೆಲ್ಲ ಮುಟ್ತಾರೆ. ಗುಟ್ಟಾಗಿ ಇಡೋದು ಹೇಗೆ?

ಪರದೆಗೆ ಬೀಗ ಹಾಕುವುದು ಎಲ್ಲರಿಗೂ ಗೊತ್ತು, ಎಡವುವುದು ಬೇರೆ ಎರಡು ಕಡೆ. ಒಂದು, ನೋಟಿಫಿಕೇಶನ್. ಬೀಗ ಹಾಕಿದ ಪರದೆಯ ಮೇಲೂ "ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳಿ" ಎಂದು ಸ್ತನ ಕ್ಯಾನ್ಸರಿನ ಹಾರ್ಮೋನ್ ಮಾತ್ರೆಯ ಹೆಸರೇ ಮೂಡುತ್ತದೆ. ಸೆಟ್ಟಿಂಗ್ಸಿನಲ್ಲಿ ಬೀಗದ ಪರದೆಯ ಮೇಲೆ ವಿವರ ತೋರಿಸದಂತೆ ಮಾಡಿ. ಎರಡು, ಫೋಟೋ. ಗಾಯದ್ದೋ ಎದೆಯ ಚರ್ಮದ್ದೋ ಚಿತ್ರ ತೆಗೆದರೆ ಅದು ಗ್ಯಾಲರಿಗೆ ಹೋಗಿ, ಅಲ್ಲಿಂದ ತಾನಾಗಿ ಕ್ಲೌಡಿಗೆ ಏರಿ, ಅದೇ ಖಾತೆಯಿರುವ ಟ್ಯಾಬಿನಲ್ಲೂ ಟಿವಿಯಲ್ಲೂ ಕಾಣಿಸಬಹುದು. ಚಿತ್ರ ತೆಗೆಯುವ ಮುಂಚೆ ಆಟೋ ಬ್ಯಾಕಪ್ ನಿಲ್ಲಿಸಿ, ತೆಗೆದ ಮೇಲೆ ಬೀಗವಿರುವ ಫೋಲ್ಡರಿಗೆ ಸರಿಸಿ. ಕ್ಯಾಮೆರಾದ ಲೊಕೇಶನ್ ಕೂಡ ಆರಿಸಿಡಿ.

ಲಕ್ಷಣ ಬರೆದಿಡುವ ಆ್ಯಪಿಗೆ ನಿಮ್ಮ ಸಂಪರ್ಕಪಟ್ಟಿಯಾಗಲಿ ಲೊಕೇಶನ್ ಆಗಲಿ ಬೇಕಿಲ್ಲ. ಕೇಳಿದರೆ ನಿರಾಕರಿಸಿ.

## ಆಪರೇಶನ್, ಕೀಮೋ ನಡೆಯುವಾಗ

ಡ್ರೇನ್ ಹಾಕಿ ಮನೆಗೆ ಕಳಿಸಿದ್ದಾರೆ. ಏನೇನು ಬರೆದಿಡಬೇಕು?

ಡ್ರೇನ್ ಎಂದರೆ ಗಾಯದೊಳಗಿನ ದ್ರವವನ್ನು ಹೊರಗೆಳೆಯುವ ನಳಿಕೆ, ತುದಿಯಲ್ಲಿ ದ್ರವ ತುಂಬುವ ಬುಡ್ಡಿ. ಬರೆಯಬೇಕಾದದ್ದು: ಗಂಟೆ, ಎಷ್ಟು ಮಿ.ಲೀ., ಯಾವ ಬಣ್ಣ. ಎರಡು ಡ್ರೇನ್ ಇದ್ದರೆ ಟೇಪಿನ ಮೇಲೆ 1, 2 ಎಂದು ಬರೆದು ಎರಡಕ್ಕೂ ಬೇರೆ ಬೇರೆ ಲೆಕ್ಕ ಇಡಿ, ಕೂಡಿಸಬೇಡಿ. ದಿನಕ್ಕೆರಡು ಸಲ, ಹೆಚ್ಚುಕಡಿಮೆ 12 ಗಂಟೆಯ ಅಂತರದಲ್ಲಿ ಖಾಲಿ ಮಾಡಿ, ಅಳತೆಯ ಲೋಟದಲ್ಲಿ ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ಸಾಮಾನ್ಯವಾಗಿ ಸತತ ಎರಡು ದಿನ 24 ಗಂಟೆಯ ಮೊತ್ತ 30 ಮಿ.ಲೀ.ಗಿಂತ ಕೆಳಗಿಳಿದರೆ ಡ್ರೇನ್ ತೆಗೆಯುವ ಮಾತು ಬರುತ್ತದೆ. ಲೆಕ್ಕ ತಪ್ಪಿದರೆ ತೆಗೆಯುವ ದಿನವೂ ತಪ್ಪುತ್ತದೆ.

ಬಣ್ಣ ಕೆಂಪಿನಿಂದ ತಿಳಿಗೆಂಪಿಗೆ, ಆಮೇಲೆ ತಿಳಿಹಳದಿಗೆ ತಿರುಗಬೇಕು. ತಿಳಿಯಾಗಿದ್ದದ್ದು ಮತ್ತೆ ಗಾಢ ಕೆಂಪಾದರೆ, ಬುಡ್ಡಿ ಬೇಗ ಬೇಗ ತುಂಬಿದರೆ, ದ್ರವ ಮಬ್ಬಾಗಿ ವಾಸನೆ ಬಂದರೆ ಕರೆ ಮಾಡಿ. ಇನ್ನೊಂದು ಮೋಸವಿದೆ. ನಿನ್ನೆ 60 ಇದ್ದದ್ದು ಇವತ್ತು 0 ಆದರೆ ಖುಷಿಪಡಬೇಡಿ, ನಳಿಕೆಯಲ್ಲಿ ರಕ್ತದ ಗರಣೆ ಕಟ್ಟಿರಬಹುದು. ನಳಿಕೆಯ ಸುತ್ತ ಬಟ್ಟೆ ಒದ್ದೆಯಾಗಿದೆಯೇ, ಕಂಕುಳು ಊದಿದೆಯೇ, ಬುಡ್ಡಿ ಒತ್ತಿದಂತೆಯೇ ಚಪ್ಪಟೆಯಾಗಿದೆಯೇ ಎಂದು ನೋಡಿ ಅದನ್ನೂ ಹೇಳಿ.

ಜ್ವರ ಎಷ್ಟಿದ್ರೆ ಫೋನ್ ಮಾಡ್ಬೇಕು?

ಕೀಮೋ ನಡೆಯುವಾಗ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಕರೆ ಮಾಡಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ. ಹೆಚ್ಚಿನ ಕೀಮೋಗಳಲ್ಲಿ 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಆಗ ಸೋಂಕು ತಗುಲಿದರೆ ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹಬ್ಬಬಹುದು. ಕೀಮೋ ದಿನವನ್ನು 1 ಎಂದು ಎಣಿಸಿ ಕ್ಯಾಲೆಂಡರಿನಲ್ಲಿ ಈ ಎಂಟು ದಿನಕ್ಕೆ ಬಣ್ಣ ಹಚ್ಚಿಡಿ. ಫೋನಿನಿಂದ ಆಗಬಹುದಾದ ಅತಿ ಸರಳ, ಅತಿ ಬೆಲೆಬಾಳುವ ಕೆಲಸ ಇದು.

ಅಳೆಯುವ ಕ್ರಮ: ಡಿಜಿಟಲ್ ಥರ್ಮಾಮೀಟರ್, ನಾಲಿಗೆಯ ಕೆಳಗೆ. ಬಿಸಿಯದ್ದೋ ತಣ್ಣನೆಯದ್ದೋ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ಅಳೆಯಿರಿ. ಗುದದ್ವಾರದಲ್ಲಿ ಬೇಡ. ವಾಚು ತೋರಿಸುವ ಚರ್ಮದ ಬಿಸಿಯನ್ನು ನಂಬಬೇಡಿ. ಅಳೆಯುವ ಮುಂಚೆ ಪ್ಯಾರಾಸಿಟಮಾಲ್ ನುಂಗಬೇಡಿ, ಜ್ವರ ಮುಚ್ಚಿಹೋಗುತ್ತದೆ, ಸೋಂಕು ಹಾಗೇ ಇರುತ್ತದೆ. ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಕೂಡ ಜ್ವರವನ್ನು ಅಡಗಿಸಬಲ್ಲದು. ಹಾಗಾಗಿ 37.5 ಇದ್ದರೂ ಮೈ ಗಡಗಡ ನಡುಗುತ್ತಿದ್ದರೆ ಕರೆ ಮಾಡಿ.

ಕರೆಯಲ್ಲಿ ಹೇಳಬೇಕಾದದ್ದನ್ನು ಫೋನಿನ ನೋಟ್ಸಿನಲ್ಲಿ ಮೊದಲೇ ಬರೆದಿಡಿ: ಹೆಸರು, ಆಸ್ಪತ್ರೆ ಸಂಖ್ಯೆ, ಯಾವ ಕೀಮೋ, ಎಷ್ಟನೇ ದಿನ, ಪೋರ್ಟ್ (ಔಷಧಿ ಕೊಡಲು ಚರ್ಮದಡಿ ಕೂರಿಸಿದ ಸಾಧನ) ಇದೆಯೇ, ಯಾವ ಔಷಧಿಗೆ ಅಲರ್ಜಿ. ನಡುಗುತ್ತಿರುವವರಿಗೆ ಇದೆಲ್ಲ ನೆನಪಾಗುವುದಿಲ್ಲ, ಪಕ್ಕದಲ್ಲಿದ್ದವರು ಓದಿ ಹೇಳಿದರಾಯಿತು.

ದಿನಾ ಏನೇನು ಬರೀಬೇಕು? ಎಲ್ಲಾ ಬರೆಯೋಕೆ ಹೋದ್ರೆ ಅದೇ ಒಂದು ಕೆಲಸ ಆಗುತ್ತೆ

ಎಲ್ಲಾ ಬರೆಯಲು ಹೊರಟವರು ಬಹುತೇಕ ಎರಡನೇ ಸುತ್ತಿಗೇ ಕೈಬಿಡುತ್ತಾರೆ. ಐದೇ ಸಾಕು: ಜ್ವರ, ವಾಂತಿ-ವಾಕರಿಕೆ, ಭೇದಿ ಅಥವಾ ಮಲಬದ್ಧತೆ, ನೋವು, ಮತ್ತು ನಿಮ್ಮನ್ನು ಅತಿಯಾಗಿ ಕಾಡುವ ಯಾವುದಾದರೂ ಒಂದು. ತೂಕ ವಾರಕ್ಕೊಮ್ಮೆ.

ವಾಂತಿಯಾದರೆ ಗಂಟೆ ಬರೆಯುವುದು ಮುಖ್ಯ. ಕೀಮೋ ಆದ 24 ಗಂಟೆಯೊಳಗಿನ ವಾಂತಿಗೂ, ಎರಡನೇ ದಿನದಿಂದ ಐದನೇ ದಿನದವರೆಗಿನ ವಾಂತಿಗೂ ಕಾರಣವೂ ಬೇರೆ, ಮಾತ್ರೆಯೂ ಬೇರೆ. "ತುಂಬಾ ವಾಂತಿ" ಎಂದರೆ ಯಾವ ಮಾತ್ರೆ ಬದಲಿಸಬೇಕೆಂದು ವೈದ್ಯರಿಗೂ ಹೊಳೆಯುವುದಿಲ್ಲ. ಭೇದಿಗೆ ನಿಮ್ಮ ಮಾಮೂಲಿಗಿಂತ ಎಷ್ಟು ಸಲ ಹೆಚ್ಚು ಎಂಬುದೇ ಲೆಕ್ಕ. ಕ್ಯಾಪೆಸಿಟಬೀನ್ ಎಂಬ ಕೀಮೋ ಮಾತ್ರೆ ನುಂಗುವವರಿಗೆ ದಿನಕ್ಕೆ ನಾಲ್ಕು ಸಲ ಹೆಚ್ಚಾದರೆ, ಇಲ್ಲವೇ ಭೇದಿಗೆಂದು ರಾತ್ರಿ ಏಳುವಂತಾದರೆ ಮುಂದಿನ ಮಾತ್ರೆ ನುಂಗುವ ಮುಂಚೆಯೇ ಆಸ್ಪತ್ರೆಗೆ ತಿಳಿಸಬೇಕು.

10ಕ್ಕೆ ಎಷ್ಟು ನೋವು ಅಂತ ಕೇಳುತ್ತೆ. ನಂಗೆ 6ಕ್ಕೂ 7ಕ್ಕೂ ವ್ಯತ್ಯಾಸ ಗೊತ್ತಾಗಲ್ಲ

ಯಾರಿಗೂ ಗೊತ್ತಾಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮದೇ ಅಳತೆಗೋಲು ಮಾಡಿಕೊಳ್ಳಿ: 3 ಎಂದರೆ ಮರೆತು ಕೆಲಸ ಮಾಡಬಹುದು, 5 ಎಂದರೆ ಕೆಲಸ ನಡುವೆ ನಿಲ್ಲುತ್ತದೆ, 7 ಎಂದರೆ ನಿದ್ದೆ ಬರುವುದಿಲ್ಲ. ಒಮ್ಮೆ ಬರೆದಿಟ್ಟರೆ ಕೊನೆಯವರೆಗೂ ಅದೇ ಇರಲಿ. ಪ್ರಶ್ನೆ ಯಾವ ಅವಧಿಯದ್ದು ಎಂಬುದನ್ನೂ ಗಮನಿಸಿ. ಕೆಲವು ಪ್ರಶ್ನಾವಳಿಗಳು "ಈಗ ಹೇಗಿದೆ" ಎನ್ನುತ್ತವೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸಿದ್ಧಪಡಿಸಿದ ಪ್ರಶ್ನಾವಳಿ "ಕಳೆದ 7 ದಿನಗಳಲ್ಲಿ ಅತಿ ಹೆಚ್ಚು ಎಷ್ಟಿತ್ತು" ಎನ್ನುತ್ತದೆ. ಇವೆರಡನ್ನೂ ಒಂದೇ ಗ್ರಾಫಿಗೆ ಹಾಕಿದರೆ ಇಲ್ಲದ ಏರಿಳಿತ ಕಾಣುತ್ತದೆ.

ಬೆರಳ ತುದಿ ಜೋಮು ಹಿಡಿದಂಗಿದೆ. ಇದನ್ನ ಹೇಗೆ ಬರೆಯೋದು?

ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ಪಡೆಯುವವರಲ್ಲಿ ಇದು ಸಾಮಾನ್ಯ. ಎಷ್ಟು ಜೋಮು ಎನ್ನುವುದಕ್ಕಿಂತ ಯಾವ ಕೆಲಸ ಕೈತಪ್ಪಿತು ಎಂದು ಬರೆಯಿರಿ. ವಾರಕ್ಕೊಮ್ಮೆ ಮೂರೇ ಪರೀಕ್ಷೆ: ಅಂಗಿಯ ಗುಂಡಿ ನೋಡದೆ ಹಾಕಲು ಬರುತ್ತದೆಯೇ, ನೆಲದ ಮೇಲಿನ ನಾಣ್ಯ ಎತ್ತಲು ಬರುತ್ತದೆಯೇ, ನಡೆಯುವಾಗ ಹತ್ತಿಯ ಮೇಲೆ ಕಾಲಿಟ್ಟಂತೆ ಆಗುತ್ತದೆಯೇ. ಗುಂಡಿ ಹಾಕಲು ಆಗದು ಎನ್ನುವ ಹಂತಕ್ಕೆ ಬಂದರೆ ಮುಂದಿನ ಡೋಸ್‌ಗೆ ಮುಂಚೆಯೇ ಹೇಳಿ. ಔಷಧಿಯ ಪ್ರಮಾಣ ತಗ್ಗಿಸುವ ತೀರ್ಮಾನ ಇದರ ಮೇಲೆಯೇ ನಿಲ್ಲುತ್ತದೆ. "ಕೀಮೋ ನಿಲ್ಲಿಸಿಬಿಡ್ತಾರೆ" ಎಂಬ ಹೆದರಿಕೆಯಿಂದ ಮುಚ್ಚಿಟ್ಟವರಿಗೆ ಜೋಮು ಶಾಶ್ವತವಾಗಿ ಉಳಿದುಬಿಡಬಹುದು.

ಸ್ಮಾರ್ಟ್ ವಾಚ್ ತಗೊಳ್ಳಲಾ?

ಇದ್ದರೆ ಹೆಜ್ಜೆ ಎಣಿಸಲು ಬಳಸಿ, ಇದಕ್ಕೆಂದೇ ಕೊಳ್ಳಬೇಕಿಲ್ಲ. ಕಂಕುಳ ಗ್ರಂಥಿ ತೆಗೆದ ಕಡೆಯ ಕೈಗೆ ಬಿಗಿಯಾಗಿ ಕಟ್ಟಬೇಡಿ.

## ಮಾತ್ರೆ, ಕೈ ಬಾವು, ಸುಸ್ತು

ಹಾರ್ಮೋನ್ ಮಾತ್ರೆಗೆ ಅಲಾರಂ ಇಟ್ರೂ ಆಫ್ ಮಾಡಿ ಮರೀತೀನಿ

ಅಲಾರಂ ಆರಿಸಿದ್ದಕ್ಕೂ ಮಾತ್ರೆ ನುಂಗಿದ್ದಕ್ಕೂ ಸಂಬಂಧವಿಲ್ಲ ಎಂಬುದೇ ತೊಡಕು. ಮಾತ್ರೆ ಗಂಟಲಿಳಿದ ಮೇಲೆಯೇ ಟಿಕ್ ಹಾಕುವುದು, ಅಲ್ಲಿಯವರೆಗೆ ಹತ್ತು ನಿಮಿಷಕ್ಕೊಮ್ಮೆ ಅಲಾರಂ ಹೊಡೆದುಕೊಳ್ಳಲಿ. ಹಲ್ಲುಜ್ಜುವಂಥ ತಪ್ಪದ ಕೆಲಸಕ್ಕೆ ಮಾತ್ರೆಯನ್ನು ಗಂಟುಹಾಕಿ. ವಾರದ ಏಳು ಖಾನೆಯ ಡಬ್ಬಿಯೂ ಇರಲಿ, "ನುಂಗಿದೆನಾ ಇಲ್ಲವಾ" ಎಂಬ ಅನುಮಾನವನ್ನು ಖಾಲಿ ಖಾನೆ ಪರಿಹರಿಸುತ್ತದೆ. ಕೆಲವು ಫೋನುಗಳಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಆ್ಯಪನ್ನು ಮಲಗಿಸಿ ಅಲಾರಮ್ಮೇ ಹೊಡೆಯದಂತೆ ಮಾಡುತ್ತದೆ. ಸೆಟ್ಟಿಂಗ್ಸಿನ ಬ್ಯಾಟರಿ ವಿಭಾಗದಲ್ಲಿ ಆ ಆ್ಯಪಿಗೆ ನಿರ್ಬಂಧ ತೆಗೆಯಿರಿ.

ಟ್ಯಾಮಾಕ್ಸಿಫೆನ್ ಸಾಮಾನ್ಯವಾಗಿ ದಿನಕ್ಕೆ 20 ಮಿ.ಗ್ರಾಂ., 5ರಿಂದ 10 ವರ್ಷ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ. ಅದು ದೇಹದಲ್ಲಿ ದಿನಗಟ್ಟಲೆ ಉಳಿಯುವ ಔಷಧಿ, ಒಂದು ದಿನಕ್ಕೆ ಅನಾಹುತವಿಲ್ಲ. ವಾರಗಟ್ಟಲೆ ತಪ್ಪುತ್ತಿದ್ದರೆ ಬಹಳ ಸಲ ಅದು ಮರೆವಲ್ಲ. ಕೀಲುನೋವಿಗೋ ಮೈ ಬಿಸಿಗೋ ಬೇಸತ್ತು ಮನಸ್ಸೇ ಮುಂದೂಡುತ್ತಿರುತ್ತದೆ. ಅದನ್ನು ಅಲಾರಂ ಸರಿಮಾಡದು, ವೈದ್ಯರ ಹತ್ತಿರ ಬಾಯಿಬಿಡಬೇಕು. ಮಾತ್ರೆ ಬದಲಿಸುವ ದಾರಿಗಳಿವೆ. ಪ್ಯಾರಾಕ್ಸೆಟೀನ್, ಫ್ಲೂಆಕ್ಸೆಟೀನ್ ಎಂಬ ಖಿನ್ನತೆಯ ಮಾತ್ರೆಗಳು ಟ್ಯಾಮಾಕ್ಸಿಫೆನ್ನಿನ ಕೆಲಸಕ್ಕೆ ಅಡ್ಡಬರಬಲ್ಲವು. ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಆ್ಯಪಿನಲ್ಲಿರಲಿ.

3 ವಾರ ಮಾತ್ರೆ, 1 ವಾರ ಬಿಡುವು ಅಂದಿದ್ದಾರೆ. ಕ್ಯಾಲೆಂಡರಲ್ಲಿ ಯಾವಾಗ್ಲೂ ಎಡವಟ್ಟಾಗುತ್ತೆ

"ಪ್ರತಿ ತಿಂಗಳು" ಎಂದು ಇಟ್ಟಿರುತ್ತೀರಿ. ಪಾಲ್ಬೋಸಿಕ್ಲಿಬ್, ರೈಬೋಸಿಕ್ಲಿಬ್ ಎಂಬ ಕ್ಯಾನ್ಸರ್ ಮಾತ್ರೆಗಳ ಸುತ್ತು 28 ದಿನದ್ದು, ತಿಂಗಳಿನದಲ್ಲ. ಎರಡು ಮೂರು ತಿಂಗಳಲ್ಲಿ ತಾರೀಖುಗಳು ಜಾರಿಹೋಗುತ್ತವೆ. "ಪ್ರತಿ 4 ವಾರ" ಎಂದು ಇಡಿ, ಶುರುವಿಗೂ ನಿಲ್ಲಿಸುವ ದಿನಕ್ಕೂ ಬೇರೆ ಬೇರೆ ಜ್ಞಾಪನೆ ಇರಲಿ. ರಕ್ತಪರೀಕ್ಷೆಯಲ್ಲಿ ಕಣಗಳು ಕಡಿಮೆ ಬಂದು ಒಂದು ವಾರ ಮುಂದೂಡಿದರೆ ಹಳೆಯ ಸರಣಿಯನ್ನು ಅಳಿಸಿ ಹೊಸದಾಗಿ ಶುರುಮಾಡಿ.

ಕೈ ಬಾವು ಬರ್ತಿದೆಯಾ ಅಂತ ಮನೇಲೇ ಅಳೆಯೋದು ಹೇಗೆ?

ಆಪರೇಶನ್ ಆದ ಕಡೆಯ ಕೈಯಲ್ಲಿ ದ್ರವ ನಿಂತು ಬರುವ ಬಾವು ಇದು. ಅಳೆಯಲು ಬೇಕಾದದ್ದು ಮೆತ್ತನೆಯ ಟೇಪು, ಒಂದು ಪೆನ್ನು, ಹತ್ತು ನಿಮಿಷ. ಮಣಿಕಟ್ಟಿನ ಹೊರಬದಿಯ ಉಬ್ಬು ಮೂಳೆಯಿಂದ ಶುರುಮಾಡಿ ಮೇಲಕ್ಕೆ 4 ಸೆಂ.ಮೀ.ಗೊಂದು ಗುರುತು ಹಾಕಿ. ಪ್ರತಿ ಗುರುತಿನಲ್ಲೂ ಸುತ್ತಳತೆ ತೆಗೆಯಿರಿ. ಟೇಪು ಚರ್ಮಕ್ಕೆ ತಾಗಬೇಕು, ತಗ್ಗು ಬೀಳಬಾರದು. ಎರಡೂ ಕೈ, ತಿಂಗಳಿಗೊಮ್ಮೆ, ದಿನದ ಅದೇ ಹೊತ್ತಿಗೆ. ಸಾಧ್ಯವಾದರೆ ಮೊದಲ ಅಳತೆ ಆಪರೇಶನ್ನಿಗೆ ಮುಂಚೆಯೇ ಆಗಲಿ, ಏಕೆಂದರೆ ಬಲಗೈ ಬಳಸುವವರಿಗೆ ಬಲಗೈ ಸಹಜವಾಗಿಯೇ ತುಸು ದಪ್ಪ.

ಗಾತ್ರ ಬೇಕಾದರೆ ಸ್ಪ್ರೆಡ್‌ಶೀಟ್ ಲೆಕ್ಕ ಹಾಕುತ್ತದೆ. ಅಕ್ಕಪಕ್ಕದ ಎರಡು ಸುತ್ತಳತೆಗಳ ವರ್ಗ, ಅವೆರಡರ ಗುಣಲಬ್ಧ, ಈ ಮೂರನ್ನೂ ಕೂಡಿಸಿ, ನಡುವಿನ ಅಂತರದಿಂದ ಗುಣಿಸಿ, 37.7ರಿಂದ ಭಾಗಿಸಿ. 24 ಮತ್ತು 25 ಸೆಂ.ಮೀ. ಇದ್ದರೆ 576, 625, 600 ಕೂಡಿ 1801. 4ರಿಂದ ಗುಣಿಸಿದರೆ 7204. ಭಾಗಿಸಿದರೆ ಸುಮಾರು 191 ಮಿ.ಲೀ. ಹೀಗೆ ಎಲ್ಲ ತುಂಡುಗಳನ್ನೂ ಕೂಡಿಸಿದರೆ ಇಡೀ ಕೈ. ಮೊದಲ ಅಳತೆಗೆ ಹೋಲಿಸಿ, ಇನ್ನೊಂದು ಕೈಗಿಂತ ಶೇ. 5ರಿಂದ 10 ಹೆಚ್ಚು ಬೆಳೆದಿದ್ದರೆ, ಅಥವಾ ಯಾವುದೇ ಒಂದು ಗುರುತಿನಲ್ಲಿ 2 ಸೆಂ.ಮೀ. ವ್ಯತ್ಯಾಸ ಬಂದರೆ ತೋರಿಸಿ. ಅಳತೆಗೂ ಮುಂಚೆ ಕೈ ಭಾರವಾಗುವುದು, ತೋಳಿನ ಬಟ್ಟೆ ಬಿಗಿಯಾಗುವುದು ಸುಳಿವು ಕೊಡುತ್ತದೆ. ಕೈ ಕೆಂಪಾಗಿ ಬಿಸಿಯಾಗಿ ಜ್ವರವೂ ಬಂದರೆ ಅದು ಸೋಂಕು, ಅದೇ ದಿನ ಆಸ್ಪತ್ರೆ.

"ಆ ಕೈಯಲ್ಲಿ ಭಾರ ಎತ್ತಲೇಬಾರದು" ಎಂಬುದು ಹಳೆಯ ಮಾತು. ಬಾವು ಇದ್ದವರಲ್ಲೂ ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಏರಿಸಿದ ತೂಕದ ವ್ಯಾಯಾಮ ಬಾವನ್ನು ಹೆಚ್ಚಿಸಲಿಲ್ಲ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತೆ. ಇದಕ್ಕೂ ಲೆಕ್ಕ ಇಡಬೇಕಾ?

ಒಂದೇ ವಾರ ಇಡಿ. ಸೌಮ್ಯಕ್ಕೆ 1, ಮಧ್ಯಮಕ್ಕೆ 2, ತೀವ್ರಕ್ಕೆ 3, ತಡೆಯಲಾರದ್ದಕ್ಕೆ 4 ಅಂಕ. ದಿನಕ್ಕೆ ಸೌಮ್ಯ 4, ಮಧ್ಯಮ 3, ತೀವ್ರ 1 ಆದರೆ ಒಟ್ಟು 13. ಔಷಧಿ ಶುರುವಾಗಿ ಒಂದು ತಿಂಗಳ ಮೇಲೆ ಮತ್ತೆ ಒಂದು ವಾರ ಎಣಿಸಿದರೆ ಫಲ ಕೊಟ್ಟಿತೇ ಎಂದು ಗೊತ್ತಾಗುತ್ತದೆ.

ಸುಸ್ತಿಗೆ ವ್ಯಾಯಾಮ ಮಾಡಿ ಅನ್ನುತ್ತೆ ಆ್ಯಪ್. ಎದ್ದು ನಿಲ್ಲೋಕೇ ಆಗಲ್ಲ, ವ್ಯಾಯಾಮ ಎಲ್ಲಿಂದ ಬಂತು?

ಸಿಟ್ಟು ಬರುವುದು ಸಹಜ. ಆದರೂ ಕ್ಯಾನ್ಸರಿನ ಸುಸ್ತು ವಿಶ್ರಾಂತಿಯಿಂದ ಮಾತ್ರ ಇಳಿಯುವಂಥದ್ದಲ್ಲ. 2019ರ ತಜ್ಞರ ಶಿಫಾರಸು ವಾರಕ್ಕೆ ಮೂರು ಸಲ 30 ನಿಮಿಷದ ನಡಿಗೆಯಂಥ ವ್ಯಾಯಾಮ, ಎರಡು ಸಲ ಸ್ನಾಯುಬಲದ ವ್ಯಾಯಾಮ. ಅದು ತಲುಪಬೇಕಾದ ಊರು, ಹೊರಡುವ ಜಾಗ ಅಲ್ಲ. ದಿನಕ್ಕೆ 10,000 ಹೆಜ್ಜೆಯ ಗುರಿಯನ್ನು ಮೊದಲು ಅಳಿಸಿಹಾಕಿ. ಒಂದು ವಾರ ಸುಮ್ಮನೆ ಎಣಿಸಿ, ಸರಾಸರಿ 1,500 ಬಂದರೆ ಮುಂದಿನ ವಾರ 1,650. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ ಸಾಕು. ಸುಸ್ತು ಒಮ್ಮೆಲೇ ಹೆಚ್ಚಿದರೆ, ಏದುಸಿರು ಬಂದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ.

## ಇನ್ನೂ ಮುಂದಿನ ಪ್ರಶ್ನೆಗಳು

ಇಷ್ಟೆಲ್ಲ ಬರ್ಕೊಂಡು ಹೋದ್ರೂ ಡಾಕ್ಟರು ನೋಡೋದೇ ಇಲ್ಲ

40 ಪುಟದ ಗ್ರಾಫನ್ನು ಯಾರೂ ನೋಡುವುದಿಲ್ಲ, ಐದು ಸಾಲನ್ನು ನೋಡುತ್ತಾರೆ. ಹೀಗೆ ಬರೆದು, ಕುಳಿತ ಕೂಡಲೇ ಮುಂದಿಡಿ:

3ನೇ ಸುತ್ತು. ವಾಂತಿ 3ರಿಂದ 5ನೇ ದಿನ, ದಿನಕ್ಕೆ 3 ಸಲ, ಮಾತ್ರೆ ನುಂಗಿದರೂ.
ಅತಿ ಹೆಚ್ಚು ಜ್ವರ 37.6, 9ನೇ ದಿನ.
ಹೊಸದು: ಬಲಗೈ ಬೆರಳು ಜೋಮು, ಗುಂಡಿ ಹಾಕಲು ಕಷ್ಟ.
ತೂಕ 2 ಕೆ.ಜಿ. ಇಳಿದಿದೆ.
ಕೇಳಬೇಕಾದ್ದು: ವಾಂತಿ ಮಾತ್ರೆ ಬದಲಿಸಬಹುದೇ?

ಎಐ ಚಾಟ್‌ಬಾಟ್ ಹತ್ರ ಕೇಳಿದ್ರೆ ಎಲ್ಲಾ ಹೇಳುತ್ತಲ್ಲ?

ವರದಿಯ ಪದಗಳ ಅರ್ಥ ತಿಳಿಯಲು, ವೈದ್ಯರಿಗೆ ಕೇಳುವ ಪ್ರಶ್ನೆಗಳನ್ನು ಜೋಡಿಸಲು ಬಳಸಿ. ಡೋಸ್ ಎಷ್ಟು, ಮಾತ್ರೆ ನಿಲ್ಲಿಸಲೇ, ಈ ಜ್ವರಕ್ಕೆ ಕಾಯಬಹುದೇ ಎಂಬುದಕ್ಕೆ ಬೇಡ. ತಪ್ಪನ್ನೂ ಅದೇ ಧೈರ್ಯದ ದನಿಯಲ್ಲಿ ಹೇಳುತ್ತದೆ. ವರದಿ ಹಾಕುವ ಮುಂಚೆ ಹೆಸರು, ಆಸ್ಪತ್ರೆ ಸಂಖ್ಯೆ ಮುಚ್ಚಿ.

ನಂದು ನಾಲ್ಕನೇ ಹಂತ. ನನಗೆ ಬೇರೆ ಏನಾದ್ರೂ ಗಮನಿಸಬೇಕಾ?

ನಾಲ್ಕನೇ ಹಂತ ಎಂದರೆ ಕ್ಯಾನ್ಸರ್ ಬೇರೆ ಅಂಗಕ್ಕೂ ಹರಡಿದೆ ಎಂದರ್ಥ. ಮೂಳೆಗೆ ಹರಡಿದ್ದರೆ ಒಂದನ್ನು ಯಾವ ಆ್ಯಪಿಗೂ ಬಿಡಬೇಡಿ: ಹೊಸದಾಗಿ ಬಂದ ಬೆನ್ನುನೋವು ಮಲಗಿದರೆ ಅಥವಾ ಕೆಮ್ಮಿದರೆ ಹೆಚ್ಚಾಗುವುದು, ಕಾಲಿನ ಶಕ್ತಿ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು. ಬೆನ್ನುಹುರಿ ಒತ್ತಿಹೋಗುತ್ತಿರಬಹುದು, ಗಂಟೆಗಳಲ್ಲೇ ಚಿಕಿತ್ಸೆ ಆಗಬೇಕು. ನಿಮ್ಮ ಚಿಕಿತ್ಸೆಗೆ ಕೊನೆಯ ದಿನಾಂಕ ಇಲ್ಲದ ಕಾರಣ ದಿನದ ನಮೂದು ಬೇಡ. ವಾರಕ್ಕೊಮ್ಮೆ ಸಾಕು, ಔಷಧಿ ಬದಲಾದ ಮೊದಲ ಎರಡು ತಿಂಗಳು ಮಾತ್ರ ಹೆಚ್ಚು ಬರೆಯಿರಿ.

ಚಿಕಿತ್ಸೆ ಮುಗಿದು ವರ್ಷ ಆಯ್ತು. ಈಗಲೂ ದಿನಾ ಬರೀತೀನಿ, ಬರೆದಷ್ಟೂ ಭಯ ಜಾಸ್ತಿ ಆಗ್ತಿದೆ. ನಿಲ್ಲಿಸಬಹುದಾ?

ನಿಲ್ಲಿಸಿ. ದಿನಾ ಮೈಯನ್ನು ತಡಕಿ ನೋಡಿದರೆ ದಿನಾ ಏನಾದರೊಂದು ಸಿಗುತ್ತದೆ. ಹಾರ್ಮೋನ್ ಮಾತ್ರೆಯ ಟಿಕ್, ತಿಂಗಳಿಗೊಮ್ಮೆ ಕೈ ಅಳತೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಮಿನ ಜ್ಞಾಪನೆ, ಇಷ್ಟು ಉಳಿಯಲಿ. ಲಕ್ಷಣವಿಲ್ಲದವರಿಗೆ ಪದೇ ಪದೇ ಸ್ಕ್ಯಾನ್, ಟ್ಯೂಮರ್ ಮಾರ್ಕರ್ (ಕ್ಯಾನ್ಸರಿನ ಸುಳಿವು ಹುಡುಕುವ) ರಕ್ತಪರೀಕ್ಷೆಯನ್ನು ಮಾರ್ಗಸೂಚಿಗಳೂ ಹೇಳುವುದಿಲ್ಲ. ಎದೆಯಲ್ಲಿ, ಗಾಯದ ಗೆರೆಯಲ್ಲಿ ಅಥವಾ ಕಂಕುಳಲ್ಲಿ ಹೊಸ ಗಂಟು ಕಂಡರೆ, ಟ್ಯಾಮಾಕ್ಸಿಫೆನ್ ನುಂಗುವಾಗ ಮುಟ್ಟು ನಿಂತ ಮೇಲೂ ರಕ್ತಸ್ರಾವವಾದರೆ, ಒಂದು ಕಾಲು ಊದಿ ನೋಯುತ್ತಿದ್ದರೆ ಕಾಯದೆ ತೋರಿಸಿ. ಉಳಿದ ಹೊಸ ನೋವೋ ಕೆಮ್ಮೋ ಎರಡು ವಾರ ಕಳೆದರೂ ಹೋಗದಿದ್ದರೆ ತೋರಿಸಿ. ಭಯವೇ ನಿದ್ದೆ ಕೆಡಿಸುತ್ತಿದ್ದರೆ ಅದನ್ನೂ 0ಯಿಂದ 10ರಲ್ಲಿ ಅಳೆಯುವ ಮಾಪಕವಿದೆ. 4 ಅಥವಾ ಹೆಚ್ಚು ಬಂದರೆ ಆಪ್ತಸಮಾಲೋಚಕರನ್ನು ಕಾಣಲು ಅಷ್ಟೇ ಸಾಕು, ಬೇರೆ ಕಾರಣ ಹುಡುಕಬೇಕಿಲ್ಲ. ಅಳಿಸುವ ಮುಂಚೆ ಹಳೆಯ ದಾಖಲೆಯನ್ನು ಪಿಡಿಎಫ್ ಮಾಡಿ ಎತ್ತಿಡಿ. ಯಾವ ಕೀಮೋ ಎಷ್ಟು ಸುತ್ತು, ರೇಡಿಯೇಶನ್ ಯಾವ ಕಡೆಗೆ ಎಂದು ಹತ್ತು ವರ್ಷದ ಮೇಲೆ ಹೃದಯದ ವೈದ್ಯರೊಬ್ಬರು ಕೇಳಬಹುದು.